ಕಾಂತಿವರ್ಧಕ ವಿಜ್ಞಾನ: ಓದೂ ಹೊಣೆಯೂ

ಮಹಾನಗರದ ಯಾವುದೇ ಮಧ್ಯಮ ವರ್ಗದ ಮನೆಯಲ್ಲಿ ಬಚ್ಚಲಿನ ಗೂಡನ್ನೂ ಕನ್ನಡಿಯ ಕೆಳಗಿನ ಹಲಗೆಯನ್ನೂ ಒಮ್ಮೆ ಎಣಿಸಿ ನೋಡಿದರೆ ಹತ್ತು ಹನ್ನೆರಡು ಡಬ್ಬಿ ಸೀಸೆಗಳಿಗೆ ಕಡಿಮೆಯಿರುವುದಿಲ್ಲ. ಸಾಬೂನು, ಶಾಂಪೂ, ಕೊಬ್ಬರಿ ಎಣ್ಣೆ, ಪೌಡರ್, ಮುಖದ ಕ್ರೀಮು, ಕಾಡಿಗೆ, ಕುಂಕುಮ, ಕೂದಲಿನ ಬಣ್ಣ. ಮನೆಯಲ್ಲಿ ಕೂಸಿದ್ದರೆ ಅದಕ್ಕೆಂದೇ ಬೇರೆ ಎಣ್ಣೆ, ಬೇರೆ ಪೌಡರ್. ಔಷಧವನ್ನು ಮನುಷ್ಯ ರೋಗ ಬಂದಾಗ, ವೈದ್ಯರು ಹೇಳಿದಷ್ಟು ದಿನ, ಹೇಳಿದ ಪ್ರಮಾಣದಲ್ಲಿ ಸೇವಿಸುತ್ತಾನೆ. ಈ ವಸ್ತುಗಳನ್ನಾದರೋ ಆರೋಗ್ಯವಂತರು ಪ್ರತಿದಿನವೂ, ಶೈಶವದಿಂದ ಮುಪ್ಪಿನವರೆಗೂ, ಯಾರ ಸಲಹೆಯೂ ಇಲ್ಲದೆ ಮೈಗೆ ಹಚ್ಚಿಕೊಳ್ಳುತ್ತಾರೆ. ಹೀಗಿರುವಾಗ ಅವನ್ನು ತಯಾರಿಸುವವರು ಯಾರು, ಅವರು ಏನನ್ನು ಓದಿರಬೇಕು ಎಂಬ ಪ್ರಶ್ನೆ ಸಹಜವಾಗಿ ಏಳಬೇಕು. ವೈದ್ಯರ ಪದವಿಯನ್ನು ಫಲಕದಲ್ಲಿ ಓದಿ ಒಳಗೆ ಕಾಲಿಡುವ ಗೃಹಸ್ಥರೂ ಈ ಪ್ರಶ್ನೆಯನ್ನು ಕೇಳುವುದು ಅಪರೂಪ.

ಈ ಪ್ರಶ್ನೆಗೆ ಉತ್ತರ ಕೊಡುವ ಶಾಸ್ತ್ರವೇ ಕಾಂತಿವರ್ಧಕ ವಿಜ್ಞಾನ. ರಸಾಯನಶಾಸ್ತ್ರ, ಔಷಧ ತಯಾರಿಕೆ, ಚರ್ಮವಿಜ್ಞಾನ, ಸೂಕ್ಷ್ಮಜೀವಿಶಾಸ್ತ್ರ, ವಿಷವಿಜ್ಞಾನ ಇವೆಲ್ಲ ಕೂಡುವ ಸಂಗಮಸ್ಥಾನದಲ್ಲಿ ಈ ವಿದ್ಯೆ ನಿಂತಿದೆ. ಮಗಳು ಈ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುವೆನೆಂದರೆ ಅನೇಕ ತಂದೆತಾಯಿಯರು ಅದನ್ನು ಬ್ಯೂಟಿ ಪಾರ್ಲರಿನ ತರಬೇತಿಯೆಂದು ತಿಳಿದು ಮುಖ ಚಿಕ್ಕದು ಮಾಡಿಕೊಳ್ಳುವುದುಂಟು. ಅಲಂಕಾರ ಮಾಡುವ ಕಲೆ ಬೇರೆ, ಅಲಂಕಾರದ ಸಾಮಗ್ರಿಯನ್ನು ನಿರಪಾಯಕರವಾಗಿ ರೂಪಿಸುವ ವಿಜ್ಞಾನ ಬೇರೆ. ಎರಡನೆಯದರಲ್ಲಿ ತಪ್ಪಾದರೆ ಅದರ ಫಲವನ್ನು ಸಾವಿರಾರು ಮನೆಗಳು ಉಣ್ಣಬೇಕಾಗುತ್ತದೆ.

ಹಳೆಯ ವಿದ್ಯೆ, ಹೊಸ ವ್ಯಾಸಂಗ

ಸುಗಂಧ ದ್ರವ್ಯಗಳನ್ನು ಅಳತೆಯರಿತು ಬೆರೆಸುವ ವಿದ್ಯೆ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ 'ಲೋಕೋಪಕಾರ'ದಲ್ಲಿ ಬೇಸಾಯ, ಅಡುಗೆ, ಪಶುವೈದ್ಯಗಳ ಜೊತೆಗೆ ಸುಗಂಧ ದ್ರವ್ಯಗಳ ತಯಾರಿಕೆಯೂ ಸ್ಥಾನ ಪಡೆದಿದೆ. ಅದೇ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಸ್ನಾನ, ವಿಲೇಪನ ಮೊದಲಾದವುಗಳಿಗೆ ಪ್ರತ್ಯೇಕ ಪ್ರಕರಣಗಳೇ ಇವೆ.

ಇದು ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದೊಂದಿಗೆ ಕೈಗೂಡಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಮೊದಲನೆಯ ಮಹಾಯುದ್ಧ ಆರಂಭವಾದಾಗ ಯುರೋಪಿಗೆ ಹೋಗುತ್ತಿದ್ದ ಮೈಸೂರಿನ ಶ್ರೀಗಂಧದ ಮರ ಹಾದಿ ಕಾಣದೆ ದಾಸ್ತಾನಿನಲ್ಲೇ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ವಿಶ್ವೇಶ್ವರಯ್ಯನವರ ಮುತುವರ್ಜಿಯಲ್ಲಿ ಎಣ್ಣೆಯನ್ನು ನಾಡಿನಲ್ಲೇ ಬಟ್ಟಿ ಇಳಿಸುವ ಯೋಚನೆ ಮೂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಅದರ ಪರೀಕ್ಷೆಗಳು ನಡೆದು, 1916ರಲ್ಲಿ ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯೂ 1918ರಲ್ಲಿ ಬೆಂಗಳೂರಿನ ಸರ್ಕಾರಿ ಸಾಬೂನು ಕಾರ್ಖಾನೆಯೂ ತಲೆಯೆತ್ತಿದವು. ಸಾಬೂನು ಮಾಡುವ ವಿದ್ಯೆಯನ್ನು ಕ್ರಮವಾಗಿ ಕಲಿತು ಬರಲೆಂದು ಸೋಸಲೆ ಗರಳಪುರಿ ಶಾಸ್ತ್ರಿಯವರನ್ನು ಸರ್ಕಾರವೇ ಇಂಗ್ಲೆಂಡಿಗೆ ಕಳುಹಿಸಿತು. ಅವರು ಮರಳಿ ಬಂದು ರೂಪಿಸಿದ ಮೈಸೂರು ಸ್ಯಾಂಡಲ್ ಸಾಬೂನು ಇಂದಿಗೂ ಅಂಗಡಿಗಳಲ್ಲಿದೆ. ಜನರು ಅವರನ್ನು 'ಸೋಪ್ ಶಾಸ್ತ್ರಿ' ಎಂದೇ ಕರೆದರು. ಗಂಧದ ಮರ ಕೈಯಲ್ಲಿದ್ದರಷ್ಟೇ ಸಾಲದು, ಅದನ್ನು ಸಾಬೂನಾಗಿಸುವ ಓದು ಬೇಕೆಂದು ಆ ಸಂಸ್ಥಾನ ಅಂದೇ ಅರಿತಿತ್ತು.

ಒಂದು ದುರಂತ ಕಲಿಸಿದ ಪಾಠ

ಇಂಥ ಓದು ಏಕೆ ಬೇಕು ಎಂಬುದಕ್ಕೆ ಫ್ರಾನ್ಸಿನ ಒಂದು ಘಟನೆಯನ್ನು ಈ ಕ್ಷೇತ್ರದ ಇತಿಹಾಸದಲ್ಲಿ ಮರೆಯುವಂತಿಲ್ಲ. 1972ರಲ್ಲಿ ಅಲ್ಲಿ ಮಾರಾಟವಾದ ಒಂದು ಶಿಶು ಪೌಡರಿನಲ್ಲಿ, ತಯಾರಿಕೆಯ ವೇಳೆ ನಡೆದ ತಪ್ಪಿನಿಂದ, ಹೆಕ್ಸಾಕ್ಲೋರೊಫೀನ್ ಎಂಬ ಕ್ರಿಮಿನಾಶಕ ಶೇಕಡ 6ಕ್ಕೂ ಹೆಚ್ಚಾಗಿ ಬೆರೆಯಿತು. ಆ ಕಾಲದಲ್ಲಿ ಅನೇಕ ಸಾಬೂನುಗಳಲ್ಲಿ ಸ್ವಲ್ಪ ಪ್ರಮಾಣದಲ್ಲಿ ಬಳಕೆಯಲ್ಲಿದ್ದ ವಸ್ತುವೇ ಅದು. ಬಟ್ಟೆಯಲ್ಲಿ ಸುತ್ತಿದ ಎಳೆಗೂಸಿನ ತೇವದ ಚರ್ಮದ ಮೂಲಕ ಅದು ರಕ್ತಕ್ಕೆ ಸೇರಿ ಮಿದುಳನ್ನು ಮುಟ್ಟಿತು. ಮೂವತ್ತಾರು ಮಕ್ಕಳು ಸತ್ತರು. ಇನ್ನೂ ಅನೇಕರು ಅಸ್ವಸ್ಥರಾದರು. ಪೌಡರ್ ಹಚ್ಚಿದ ತಾಯಂದಿರಿಗೆ ಸಂಶಯಪಡಲು ಯಾವ ಕಾರಣವೂ ಇರಲಿಲ್ಲ.

ಇದರ ತರುವಾಯ ಫ್ರಾನ್ಸ್ 1975ರಲ್ಲಿ ಕಾನೂನು ಮಾಡಿತು. 1976ರಲ್ಲಿ ಯುರೋಪಿನ ದೇಶಗಳಿಗೆ ಸಾಮಾನ್ಯವಾದ ನಿರ್ದೇಶನ ಹೊರಬಿತ್ತು. 2009ರ ಯುರೋಪಿಯನ್ ನಿಯಮದ ಪ್ರಕಾರ, ಪ್ರತಿಯೊಂದು ಕಾಂತಿವರ್ಧಕವೂ ಮಾರುಕಟ್ಟೆಗೆ ಬರುವ ಮುನ್ನ ಅದರ ನಿರಪಾಯತೆಯ ವರದಿಗೆ ಔಷಧಶಾಸ್ತ್ರ, ವಿಷವಿಜ್ಞಾನ, ವೈದ್ಯಶಾಸ್ತ್ರ ಅಥವಾ ಅಂಥದೇ ವಿಷಯದಲ್ಲಿ ಪದವಿ ಪಡೆದವರ ರುಜು ಬೇಕು. ಭಾರತದಲ್ಲಿ 1940ರ ಔಷಧ ಮತ್ತು ಕಾಂತಿವರ್ಧಕಗಳ ಅಧಿನಿಯಮವಿದ್ದು, ಕಾಂತಿವರ್ಧಕಗಳಿಗೆಂದೇ ಪ್ರತ್ಯೇಕ ನಿಯಮಾವಳಿ 2020ರಲ್ಲಿ ಬಂದಿತು. ಕಾನೂನು ಎಷ್ಟಿದ್ದರೂ ಅದನ್ನು ತೂಕದ ತಕ್ಕಡಿಯ ಮುಂದೆ ನಿಂತು ಪಾಲಿಸುವವನು ಕಲಿತವನಾಗಿರಬೇಕು.

ಪಾಠಪಟ್ಟಿಯಲ್ಲಿ ಏನಿದೆ?

ವಿದ್ಯಾರ್ಥಿಯ ಮೊದಲ ಪಾಠ ಚರ್ಮದ್ದು. ಚರ್ಮದ ಅತ್ಯಂತ ಹೊರಗಿನ ಪದರ ಒಂದು ಮಿಲಿಮೀಟರಿನ ನೂರನೆಯ ಒಂದೆರಡು ಪಾಲಿನಷ್ಟು ತೆಳುವು. ಸತ್ತ ಜೀವಕೋಶಗಳು ಇಟ್ಟಿಗೆಗಳಂತೆ, ಅವುಗಳ ನಡುವಿನ ಕೊಬ್ಬಿನ ಅಂಶಗಳು ಗಾರೆಯಂತೆ ಕೂಡಿ ಕಟ್ಟಿದ ಗೋಡೆ ಅದು. ಒಳಗಿನ ನೀರು ಹೊರಗೆ ಹೋಗದಂತೆ, ಹೊರಗಿನ ವಿಷ ಒಳಗೆ ಬಾರದಂತೆ ಅದು ಕಾಯುತ್ತದೆ. ಅದರ ಪಿಎಚ್ ಅಂಕ 5ರ ಆಸುಪಾಸಿನಲ್ಲಿ, ಅಂದರೆ ತುಸು ಆಮ್ಲೀಯವಾಗಿ ಇರುತ್ತದೆ. ಸಾಮಾನ್ಯ ಸಾಬೂನಿನದು 9ರಿಂದ 10. ಪದೇ ಪದೇ ಸಾಬೂನು ಹಚ್ಚಿದ ಮೈ ಬಿಗಿದುಕೊಳ್ಳುವುದರ ಗುಟ್ಟು ಇಲ್ಲಿದೆ. ಅಣುತೂಕ 500 ಡಾಲ್ಟನ್‌ಗಿಂತ ಹೆಚ್ಚಿರುವ ವಸ್ತುಗಳು ಈ ಗೋಡೆಯನ್ನು ದಾಟುವುದು ಬಹಳ ಕಷ್ಟವೆಂಬುದು 2000ದಲ್ಲಿ ವಿಜ್ಞಾನಿಗಳು ಮುಂದಿಟ್ಟ ಸೂತ್ರ. ಕೊಲಾಜೆನ್ ಎಂಬ ಪ್ರೋಟೀನಿನ ಅಣುತೂಕ ಸುಮಾರು 3 ಲಕ್ಷ. 'ಕೊಲಾಜೆನ್ ಚರ್ಮದ ಆಳಕ್ಕಿಳಿದು ಸುಕ್ಕು ಅಳಿಸುತ್ತದೆ' ಎಂಬ ಜಾಹೀರಾತನ್ನು ಕಂಡು ಈ ವಿದ್ಯಾರ್ಥಿ ಮೊದಲು ನಗುತ್ತಾನೆ, ಅನಂತರ ಪುರಾವೆ ಕೇಳುತ್ತಾನೆ.

ಎರಡನೆಯದು ಎಣ್ಣೆ ಮತ್ತು ನೀರನ್ನು ಕೂಡಿಸುವ ಪಾಠ. ಕ್ರೀಮು, ಲೋಷನ್‌ಗಳೆಲ್ಲ ಎಮಲ್ಷನ್‌ಗಳು. ಪರಸ್ಪರ ಸೇರದ ಎಣ್ಣೆ ನೀರುಗಳಲ್ಲಿ ಒಂದು ಇನ್ನೊಂದರಲ್ಲಿ ಸೂಕ್ಷ್ಮ ಹನಿಗಳಾಗಿ ಹರಡಿರುವ ಮಿಶ್ರಣಗಳು. ಹಾಲು ನಿಸರ್ಗವೇ ಮಾಡಿದ ಎಮಲ್ಷನ್. ಅದು ಮೊಸರಾಗಿ ಕಡೆಗೋಲಿಗೆ ಸಿಕ್ಕಾಗ ಬೆಣ್ಣೆ ಬೇರೆ ಮಜ್ಜಿಗೆ ಬೇರೆ ಆಗುವುದನ್ನು ಅಡುಗೆಮನೆ ಬಲ್ಲದು. ಡಬ್ಬಿಯಲ್ಲಿರುವ ಕ್ರೀಮು ಹಾಗೆ ಒಡೆಯಬಾರದು. ಎರಡನೆಯ ಶತಮಾನದಲ್ಲಿ ರೋಮಿನ ವೈದ್ಯ ಗ್ಯಾಲೆನ್ ಜೇನುಮೇಣ, ಆಲಿವ್ ಎಣ್ಣೆ, ಗುಲಾಬಿ ನೀರುಗಳಿಂದ ಮಾಡಿದ ಲೇಪ ಇಂದಿನ ಕೋಲ್ಡ್ ಕ್ರೀಮಿನ ಮೂಲಪುರುಷ. ಅದು ಹೆಚ್ಚು ದಿನ ನಿಲ್ಲುತ್ತಿರಲಿಲ್ಲ. ಯಾವ ಎಣ್ಣೆಗೆ ಯಾವ ಎಮಲ್ಸಿಫೈಯರ್ ಹೊಂದುತ್ತದೆ ಎಂಬುದನ್ನು ಅಂಕಿಗಳಲ್ಲಿ ಲೆಕ್ಕ ಹಾಕುವ ಎಚ್‌ಎಲ್‌ಬಿ ಪದ್ಧತಿಯನ್ನು ಅಮೆರಿಕದ ಗ್ರಿಫಿನ್ 1949ರಲ್ಲಿ ಕೊಟ್ಟರು. ಎಣ್ಣೆಯ ಭಾಗವನ್ನೂ ನೀರಿನ ಭಾಗವನ್ನೂ ಬೇರೆ ಬೇರೆಯಾಗಿ 70ರಿಂದ 75 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಕೂಡಿಸಿ, ಕಲಕುತ್ತ ತಣಿಸಿ, ಆವಿಯಾಗಿ ಹಾರಿಹೋಗುವ ಸುಗಂಧವನ್ನು ಬಿಸಿಯಿಳಿದ ಮೇಲೆ ಸೇರಿಸುವ ಕ್ರಮವನ್ನು ವಿದ್ಯಾರ್ಥಿ ಕೈಯಾರೆ ಮಾಡಿ ಕಲಿಯುತ್ತಾನೆ. ನಾಲ್ವರಿಗೆ ರುಚಿಯಾದ ಸಾರನ್ನು ಮದುವೆಮನೆಯ ನಾನೂರು ಮಂದಿಗೆ ಮಾಡುವಾಗ ಎಲ್ಲವನ್ನೂ ನೂರರಿಂದ ಗುಣಿಸಿದರೆ ಸಾರು ಕೆಡುತ್ತದೆ. ಪ್ರಯೋಗಶಾಲೆಯ 200 ಗ್ರಾಂ ಕ್ರೀಮನ್ನು ಕಾರ್ಖಾನೆಯ 500 ಕಿಲೋ ಪಾತ್ರೆಗೆ ಏರಿಸುವಾಗಲೂ ಇದೇ ತೊಡಕು. ಕಾಯುವ, ತಣಿಯುವ, ಕಲಕುವ ವೇಗಗಳೆಲ್ಲ ಬದಲಾಗುತ್ತವೆ. ಈ ಏರಿಕೆಯ ಲೆಕ್ಕಾಚಾರಕ್ಕೆ ಪ್ರತ್ಯೇಕ ಪಾಠವೇ ಉಂಟು.

ಮೂರನೆಯ ಪಾಠವೇ ಆರೋಗ್ಯದ ದೃಷ್ಟಿಯಿಂದ ಎಲ್ಲಕ್ಕೂ ಮುಖ್ಯವಾದುದು. ನೂರು ಗ್ರಾಂ ಕ್ರೀಮಿನಲ್ಲಿ ನೀರೇ 60ರಿಂದ 80 ಗ್ರಾಂ ಇರುತ್ತದೆ. ನೀರಿದ್ದಲ್ಲಿ ಬೂಷ್ಟು, ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಉಪ್ಪಿನಕಾಯಿಯ ಜಾಡಿಗೆ ಒದ್ದೆ ಸೌಟು ಹಾಕಬಾರದೆಂದು ಅಜ್ಜಿಯರು ಗದರುತ್ತಿದ್ದುದು ಇದೇ ತತ್ತ್ವದಿಂದ. ಕ್ರೀಮಿನ ಡಬ್ಬಿಗಾದರೋ ದಿನವೂ ಬೆರಳು ಬೀಳುತ್ತದೆ. ಆದ್ದರಿಂದ ಸಂರಕ್ಷಕ ವಸ್ತು ಅನಿವಾರ್ಯ. ಅದು ಹೆಚ್ಚಾದರೆ ಚರ್ಮ ಕೆರಳುತ್ತದೆ, ಕಡಿಮೆಯಾದರೆ ಡಬ್ಬಿಯೇ ರೋಗಾಣುಗಳ ತವರಾಗುತ್ತದೆ. ಹೆಚ್ಚು ಬಳಕೆಯಲ್ಲಿರುವ ಫೀನಾಕ್ಸಿಎಥನಾಲ್‌ಗೆ ಯುರೋಪಿನಲ್ಲಿ ಶೇಕಡ 1ರ ಮಿತಿಯಿದೆ. ಸಂರಕ್ಷಕ ಸಾಕೋ ಸಾಲದೋ ಎಂದು ತಿಳಿಯಲು 'ಸವಾಲು ಪರೀಕ್ಷೆ' ಎಂಬುದುಂಟು. ಹುಣ್ಣು, ಕಣ್ಣಿನ ಸೋಂಕುಗಳನ್ನು ತರಬಲ್ಲ ಬ್ಯಾಕ್ಟೀರಿಯಾಗಳನ್ನೂ ಶಿಲೀಂಧ್ರಗಳನ್ನೂ ಬೇಕೆಂದೇ ಕ್ರೀಮಿಗೆ ಬಿಟ್ಟು, 28 ದಿನಗಳ ಕಾಲ ಅವು ಎಷ್ಟು ಉಳಿದವು ಎಂದು ಎಣಿಸುತ್ತಾರೆ. ಇದರ ಜೊತೆಗೆ 40 ಡಿಗ್ರಿ ಉಷ್ಣತೆ, ಶೇಕಡ 75 ಆರ್ದ್ರತೆಯ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಇಟ್ಟು ಬಣ್ಣ, ವಾಸನೆ, ಹದಗಳು ಕೆಡುವವೇ ಎಂದು ನೋಡುತ್ತಾರೆ. ಎಲ್ಲ ಪರೀಕ್ಷೆಗಳಲ್ಲೂ ತೇರ್ಗಡೆಯಾಗುವ ತಯಾರಿಕೆಗಿಂತ ಕಸದ ಬುಟ್ಟಿ ಸೇರುವುದೇ ಹೆಚ್ಚು. ಚೆನ್ನಾಗಿ ಕಂಡ ವಸ್ತುವನ್ನು ಸಂಶಯದಿಂದ ನೋಡುವ ಅಭ್ಯಾಸವೇ ಈ ವ್ಯಾಸಂಗದ ಸಾರ.

ಊರಿಗೊಂದು ನೀರು, ಊರಿಗೊಂದು ಹವೆ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಿಗೆ ಅನುಭವದಿಂದ ಗೊತ್ತಿರುವ ಸಂಗತಿಯೊಂದಿದೆ. ಮುಂಬಯಿಯಲ್ಲಿ ಹೇರಳವಾಗಿ ನೊರೆ ಕೊಡುವ ಸಾಬೂನು ಚೆನ್ನೈ, ಹೈದರಾಬಾದುಗಳ ಕೊಳವೆಬಾವಿಯ ನೀರಿನಲ್ಲಿ ನೊರೆಯನ್ನೇ ಕೊಡದೆ ಬಕೆಟ್ಟಿನ ಅಂಚಿಗೆ ಬಿಳಿಯ ಜಿಡ್ಡಾಗಿ ಅಂಟುತ್ತದೆ. ಮುಂಬಯಿಗೆ ಬರುವುದು ತಾನಸಾ, ವೈತರಣಾ, ಭಾತ್ಸಾ ಜಲಾಶಯಗಳ ಮೆದು ನೀರು. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಂದಿಗೆ ಕೂಡಿ ಕರಗದ ಪದಾರ್ಥವಾಗುತ್ತವೆ. ದೆಹಲಿಯ ಜನವರಿಯ ಒಣ ಚಳಿಯಲ್ಲಿ ಕಾಲಿನ ಚರ್ಮ ಬಿರಿಯುವವನಿಗೆ ಎಣ್ಣೆಯಂಶ ಹೆಚ್ಚಿರುವ ಲೇಪ ಹಿತ. ಅದನ್ನೇ ಮುಂಬಯಿಯ ಜೂನ್ ತಿಂಗಳಲ್ಲಿ ಹಚ್ಚಿದರೆ ಬೆವರುಸಾಲೆ. ಆದುದರಿಂದ ಪಶ್ಚಿಮದ ಸೂತ್ರವನ್ನು ಹಾಗೆಯೇ ಎತ್ತಿ ತಂದರೆ ಇಲ್ಲಿ ನಡೆಯುವುದಿಲ್ಲ.

ಬಿಸಿಲು ತಡೆಯುವ ಕ್ರೀಮುಗಳ ವಿಷಯವೂ ಹೀಗೆಯೇ. ಎಸ್‌ಪಿಎಫ್ 30 ಎಂದರೆ ಚರ್ಮವನ್ನು ಸುಡುವ ಅತಿನೇರಳೆ ಕಿರಣಗಳಲ್ಲಿ ಸುಮಾರು ಶೇಕಡ 97ನ್ನು, 50 ಎಂದರೆ ಶೇಕಡ 98ನ್ನು ತಡೆಯುವುದು. ಬೆಲೆಯಲ್ಲಿರುವಷ್ಟು ಅಂತರ ರಕ್ಷಣೆಯಲ್ಲಿಲ್ಲ. ಆದರೆ ಈ ಅಂಕವನ್ನು ಅಳೆಯುವುದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ. ಜನರು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ ಹಚ್ಚುತ್ತಾರೆ, ಆದ್ದರಿಂದ ಡಬ್ಬಿಯ ಮೇಲಿನ ಅಂಕ ಮುಖದ ಮೇಲೆ ದೊರೆಯುವುದಿಲ್ಲ. ಸತುವಿನ ಆಕ್ಸೈಡ್ ಒಳ್ಳೆಯ ರಕ್ಷಕ. ಕಂದು ಮೈಬಣ್ಣದ ಮೇಲೆ ಅದು ಬೂದಿ ಬಳಿದಂತೆ ಕಾಣುವುದೇ ಅಡ್ಡಿ. ಈ ದೇಶದ ಮೈಬಣ್ಣಕ್ಕೆ, ಈ ದೇಶದ ಬೆವರಿಗೆ ಹೊಂದುವ ತಯಾರಿಕೆಯನ್ನು ರೂಪಿಸುವ ಕೆಲಸ ಇಲ್ಲಿಯ ವಿದ್ಯಾರ್ಥಿಗಳಿಗಾಗಿಯೇ ಕಾದಿದೆ.

ಬಿಳುಪಿನ ಹಂಬಲ

ಕಲಿಯದವರ ಕೈಯಲ್ಲಿ ಅಥವಾ ಕಲಿತೂ ಲಾಭಕ್ಕೆ ಮಣಿದವರ ಕೈಯಲ್ಲಿ ಈ ವಿದ್ಯೆ ಏನಾಗುತ್ತದೆ ಎಂಬುದಕ್ಕೆ ಬಿಳುಪಿನ ಕ್ರೀಮುಗಳು ಸಾಕ್ಷಿ. ಪಾದರಸದ ಲವಣಗಳು ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಉಂಟಾಗುವುದನ್ನು ತಡೆಯುತ್ತವೆ. ಕೆಲವೇ ವಾರಗಳಲ್ಲಿ ಮುಖ ತಿಳಿಯಾಗುತ್ತದೆ, ಬೆಲೆಯೂ ಅಗ್ಗ. ಆದರೆ ಪಾದರಸ ಚರ್ಮದಲ್ಲೇ ನಿಲ್ಲದೆ ಮೂತ್ರಪಿಂಡಗಳಲ್ಲಿ ಸಂಗ್ರಹವಾಗುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರ ಜುಲೈನಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ವೈದ್ಯರು ಪರಿಶೀಲಿಸಿದರು. ಅವುಗಳಲ್ಲಿ 15 ಮಂದಿಯದು ಬಹು ಅಪರೂಪವೆನಿಸಿದ ಪ್ರಭೇದ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮು ಹಚ್ಚುತ್ತಿದ್ದುದಾಗಿ ಒಪ್ಪಿಕೊಂಡರು. ಬಳಕೆ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ಭಾರತದ 2020ರ ನಿಯಮಾವಳಿ, ಕಣ್ಣಿನ ಸುತ್ತ ಬಳಸುವ ವಸ್ತುಗಳ ಹೊರತು ಉಳಿದ ಕಾಂತಿವರ್ಧಕಗಳಲ್ಲಿ ತಿಳಿಯದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ ಒಂದು ಭಾಗವನ್ನು ಮೀರಕೂಡದೆಂದು ವಿಧಿಸಿತು. 2023ರಲ್ಲಿ ಜಿನೀವಾದಲ್ಲಿ ಸೇರಿದ ಮಿನಮಾಟಾ ಒಪ್ಪಂದದ ರಾಷ್ಟ್ರಗಳು 2025ರೊಳಗೆ ಪಾದರಸವಿರುವ ಎಲ್ಲ ಕಾಂತಿವರ್ಧಕಗಳನ್ನು ಕೊನೆಗಾಣಿಸಲು ನಿರ್ಧರಿಸಿದವು. ಇನ್ನೊಂದು ಪಿಡುಗು ಸ್ಟೀರಾಯ್ಡ್ ಮುಲಾಮುಗಳದು. ತುರಿಕೆಗೆಂದು ತಂದ ಮುಲಾಮನ್ನು ಬಿಳುಪಿಗೆಂದು ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳುವಾಗಿ, ಕೆಂಪಾಗಿ, ಮೊಡವೆ ತುಂಬಿದ ಮುಖಗಳನ್ನು ಚರ್ಮವೈದ್ಯರು ನಿತ್ಯವೂ ಕಾಣುತ್ತಾರೆ. 2018ರಲ್ಲಿ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆಜ್ಞೆ ಹೊರಡಿಸಿತು.

'ಪ್ರಕೃತಿದತ್ತವಾದುದರಿಂದ ಅಪಾಯವಿಲ್ಲ' ಎಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲದು. ನಿಂಬೆಯ ಜಾತಿಯ ಹಣ್ಣಿನ ರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ಕೆಲವು ಬಗೆಯ ಸುರ್ಮಾದಲ್ಲಿ ಸೀಸದ ಅದಿರೇ ಇರುತ್ತದೆ. ಅರಿಸಿನ, ಸುಣ್ಣಗಳಿಂದ ಮನೆಯಲ್ಲಿ ಮಾಡುತ್ತಿದ್ದ ಕುಂಕುಮದ ಸ್ಥಾನವನ್ನು ಕೃತಕ ಬಣ್ಣದ ಪುಡಿ ಆಕ್ರಮಿಸಿದೆ. ಅಂಟುಬಿಂದಿಯ ಅಂಟಿನಲ್ಲಿರುವ ಕೆಲವು ರಾಸಾಯನಿಕಗಳು ಹಣೆಯಲ್ಲಿ ತೊನ್ನಿನಂಥ ಬಿಳಿಯ ಕಲೆಯನ್ನು ತರಬಲ್ಲವು. 'ಕಪ್ಪು ಮೆಹೆಂದಿ' ಎಂದು ಮಾರುವುದರಲ್ಲಿ ಅನೇಕ ವೇಳೆ ಮದರಂಗಿಗಿಂತ ಕೂದಲಿನ ಬಣ್ಣದ ಪಿಪಿಡಿ ರಾಸಾಯನಿಕವೇ ಕೆಲಸ ಮಾಡುತ್ತದೆ. ಅದು ಕೆಲವರಲ್ಲಿ ತೀವ್ರ ಅಲರ್ಜಿಯನ್ನು ಉಂಟುಮಾಡುತ್ತದೆ.

ಎಲ್ಲಿ ಓದಬಹುದು?

ಮುಂಬಯಿಯ ಕನ್ನಡಿಗರಿಗೆ ಮಾಟುಂಗಾ ಎಂದರೆ ಮೈಸೂರು ಅಸೋಸಿಯೇಷನ್ನಿನ ನೆನಪು, ಉಡುಪಿ ಹೋಟೆಲುಗಳ ಕಾಫಿಯ ಪರಿಮಳ. ಅದೇ ಮಾಟುಂಗಾದಲ್ಲಿ, 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗವಾಗಿ ಹುಟ್ಟಿ, 2008ರಲ್ಲಿ ಪರಿಗಣಿತ ವಿಶ್ವವಿದ್ಯಾನಿಲಯದ ಮಾನ್ಯತೆ ಪಡೆದ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿ ಇದೆ. ಎಣ್ಣೆ ಮತ್ತು ಮಾರ್ಜಕಗಳ ತಂತ್ರಜ್ಞಾನ, ಸುಗಂಧ ಮತ್ತು ರುಚಿದ್ರವ್ಯಗಳ ತಂತ್ರಜ್ಞಾನ ಇವು ಅಲ್ಲಿಯ ಹೆಸರಾಂತ ವಿಷಯಗಳು. ನಾಗಪುರದ ಲೇಡಿ ಅಮೃತಬಾಯಿ ಡಾಗಾ ಮಹಿಳಾ ಕಾಲೇಜು ಕಾಂತಿವರ್ಧಕ ತಂತ್ರಜ್ಞಾನವನ್ನೇ ಪ್ರತ್ಯೇಕ ವಿಷಯವಾಗಿ ಬೋಧಿಸುತ್ತ ಬಂದಿದೆ. ಅತ್ತರಿನ ಊರಾದ ಕನೌಜಿನಲ್ಲಿ ಸುಗಂಧ ದ್ರವ್ಯಗಳ ಅಭಿವೃದ್ಧಿ ಕೇಂದ್ರ ಅಲ್ಪಾವಧಿಯ ತರಬೇತಿಗಳನ್ನು ನಡೆಸುತ್ತದೆ.

ಇವಲ್ಲದೆ ಹೆಚ್ಚು ಮಂದಿ ಹಿಡಿಯುವ ಹಾದಿ ಫಾರ್ಮಸಿಯದು. ಬಿ.ಫಾರ್ಮ ಪದವಿಯಲ್ಲಿ ಕಾಂತಿವರ್ಧಕ ವಿಜ್ಞಾನ ಐಚ್ಛಿಕ ವಿಷಯವಾಗಿದ್ದು, ಎರಡು ವರ್ಷಗಳ ಎಂ.ಫಾರ್ಮ ಫಾರ್ಮಸ್ಯೂಟಿಕ್ಸ್ ವ್ಯಾಸಂಗದಲ್ಲಿ ಅದರ ಮುಂದುವರಿದ ಪಾಠಗಳಿವೆ. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳಲ್ಲಿಯೂ, ಊರಿನ ಕಡೆ ಮಣಿಪಾಲ, ಮೈಸೂರು, ಬೆಳಗಾವಿ, ಬೆಂಗಳೂರುಗಳಲ್ಲಿಯೂ ಇದಕ್ಕೆ ಅನುಕೂಲವುಂಟು. ಹೊರದೇಶಕ್ಕೆ ಹೋಗಬಲ್ಲವರಿಗೆ ಅಮೆರಿಕದ ಸಿನ್ಸಿನಾಟಿ ಮತ್ತು ಫೇರ್‌ಲೇ ಡಿಕಿನ್ಸನ್ ವಿಶ್ವವಿದ್ಯಾನಿಲಯಗಳು, ಲಂಡನ್ ಕಾಲೇಜ್ ಆಫ್ ಫ್ಯಾಷನ್, 1970ರಲ್ಲಿ ಸ್ಥಾಪನೆಯಾದ ವರ್ಸೈಯ ಇಸಿಪ್ಕಾ ಸಂಸ್ಥೆ ಈ ವಿಷಯಕ್ಕೆ ಹೆಸರಾಗಿವೆ. ಪ್ರವೇಶ ಪರೀಕ್ಷೆ, ಶುಲ್ಕಗಳ ನಿಯಮ ಆಗಾಗ ಬದಲಾಗುವುದರಿಂದ ಆಯಾ ಸಂಸ್ಥೆಯಿಂದಲೇ ವಿಚಾರಿಸಿ ತಿಳಿಯುವುದು ಲೇಸು. ಕಾಲೇಜನ್ನು ಆರಿಸುವಾಗ ಕಟ್ಟಡದ ಅಂದಕ್ಕಿಂತ ಪ್ರಯೋಗಶಾಲೆಯನ್ನು ನೋಡಬೇಕು: ಸೂಕ್ಷ್ಮಜೀವಿ ಪರೀಕ್ಷೆಯ ಸೌಕರ್ಯವಿದೆಯೇ, ಉಷ್ಣತೆ ಆರ್ದ್ರತೆಗಳ ಪೆಟ್ಟಿಗೆ ಇದೆಯೇ, ಕಾರ್ಖಾನೆಯಲ್ಲಿ ಕೆಲವು ತಿಂಗಳು ಕೆಲಸ ಕಲಿಸುತ್ತಾರೆಯೇ ಎಂದು ಕೇಳಬೇಕು. ಪುಸ್ತಕದಲ್ಲಿ ಮಾತ್ರ ಎಮಲ್ಷನ್ ಕಂಡವನಿಗೆ ಕಾರ್ಖಾನೆಯಲ್ಲಿ ಕೆಲಸ ದೊರೆಯುವುದು ಕಷ್ಟ.

ಮನೆಯವರಿಗೆ ನಾಲ್ಕು ಮಾತು

ಎಲ್ಲರೂ ಈ ಶಾಸ್ತ್ರವನ್ನು ಓದಬೇಕಾಗಿಲ್ಲ; ಅದರ ನಾಲ್ಕು ಸೂತ್ರಗಳು ಮನೆಯಲ್ಲಿದ್ದರೆ ಸಾಕು. ತಯಾರಕನ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಘಟಕಗಳ ಪಟ್ಟಿ, ಬಳಕೆಯ ಅವಧಿ ಇವು ಇಲ್ಲದ ಡಬ್ಬಿಯನ್ನು ಕೊಳ್ಳಬಾರದು. ವಿದೇಶದಿಂದ ಬಂದವರು ಪ್ರೀತಿಯಿಂದ ಕೊಟ್ಟರೂ ಈ ನಿಯಮ ಸಡಿಲಿಸಬಾರದು. ಒಂದೆರಡು ವಾರಗಳಲ್ಲಿ ಬಿಳುಪು ತರುವ ಕ್ರೀಮಿನ ವಿಷಯದಲ್ಲಿ ಅದು ಕೆಲಸ ಮಾಡುತ್ತಿದೆ ಎಂಬುದೇ ಸಂಶಯಕ್ಕೆ ಕಾರಣವಾಗಬೇಕು. ಕೂದಲಿನ ಬಣ್ಣವನ್ನು ಪ್ರತಿ ಸಲವೂ ಕಿವಿಯ ಹಿಂದೆ ಅಥವಾ ಮೊಣಕೈ ಒಳಭಾಗದಲ್ಲಿ ಚೂರು ಹಚ್ಚಿ, 48 ಗಂಟೆ ಕಾದು ಬಳಸಬೇಕು. ಕ್ರೀಮಿನ ಡಬ್ಬಿಗೆ ಒದ್ದೆ ಬೆರಳು ಹಾಕಬಾರದು. ಕಾಡಿಗೆ, ತುಟಿಬಣ್ಣಗಳನ್ನು ಹಂಚಿಕೊಳ್ಳಬಾರದು. ಕ್ರೀಮು ಹಚ್ಚುವವರ ಕಾಲು, ಮುಖ ಊದಿಕೊಂಡರೆ ಅಥವಾ ಮೂತ್ರದಲ್ಲಿ ಅತಿಯಾದ ನೊರೆ ಕಂಡರೆ ಡಬ್ಬಿಯನ್ನೂ ಜೊತೆಯಲ್ಲಿ ಹಿಡಿದುಕೊಂಡೇ ವೈದ್ಯರಲ್ಲಿಗೆ ಹೋಗಬೇಕು.

ರಸಾಯನಶಾಸ್ತ್ರದಲ್ಲಿ ಒಲವಿದ್ದು ವೈದ್ಯಕೀಯ ಪ್ರವೇಶ ದೊರೆಯಲಿಲ್ಲವೆಂದು ಕೊರಗುವ ಹುಡುಗ ಹುಡುಗಿಯರು ಹೊರನಾಡ ಕನ್ನಡ ಮನೆಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಆರೋಗ್ಯವಂತರ ಆರೋಗ್ಯವನ್ನು ಕೆಡದಂತೆ ಕಾಯುವುದೂ ಆರೋಗ್ಯ ಸೇವೆಯೇ ಎಂಬುದನ್ನು ಹಿರಿಯರು ಅವರಿಗೆ ತಿಳಿಸಿ ಹೇಳಬೇಕು. ಒಂದು ಕಾಲಕ್ಕೆ ಸಂಸ್ಥಾನದ ಸರ್ಕಾರ ಒಬ್ಬ ತರುಣನನ್ನು ಸಾಬೂನು ಕಲಿಯಲು ಕಡಲಾಚೆಗೆ ಕಳುಹಿಸಬೇಕಾಗಿತ್ತು. ಇಂದು ಆ ಓದು ಮಾಟುಂಗಾದ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿದೆ.